ಕೋಡ್ ಬರೆಯುವ ಮುನ್ನ ಗೆರೆ ಎಳೆಯಿರಿ: ವೈರ್‌ಫ್ರೇಮ್, ಪ್ರೊಟೊಟೈಪ್ ತಂತ್ರಾಂಶಗಳ ಪರಿಚಯ

ಮನೆ ಕಟ್ಟುವವರು ಪಾಯ ತೋಡುವ ಮುನ್ನ ನಕ್ಷೆ ಬರೆಸುತ್ತಾರೆ. ಅಡುಗೆಮನೆಯ ಬಾಗಿಲು ಪೂರ್ವಕ್ಕಿರಬೇಕೋ ಉತ್ತರಕ್ಕಿರಬೇಕೋ ಎಂಬ ಜಗಳವೆಲ್ಲ ಆ ಕಾಗದದ ಮೇಲೆಯೇ ಮುಗಿದುಹೋಗುತ್ತದೆ. ನಕ್ಷೆಯಲ್ಲಿ ಬಾಗಿಲನ್ನು ಸರಿಸಲು ಒಂದು ರಬ್ಬರು ಸಾಕು. ಗೋಡೆ ಎದ್ದ ಮೇಲೆ ಅದೇ ಬಾಗಿಲನ್ನು ಸರಿಸಲು ಗಾರೆಯವರು ಬೇಕು, ಇಟ್ಟಿಗೆ ಬೇಕು, ಹಣ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು.

ಜಾಲತಾಣ ಅಥವಾ ಮೊಬೈಲ್ ಆಪ್ ಕಟ್ಟುವುದೂ ಇದೇ ಬಗೆಯ ಕೆಲಸ. ಅದರ ನಕ್ಷೆಗೆ 'ವೈರ್‌ಫ್ರೇಮ್' ಎಂದು ಹೆಸರು. ಪರದೆಯ ಮೇಲೆ ಶೀರ್ಷಿಕೆ ಎಲ್ಲಿ, ಬರೆಯುವ ಜಾಗ ಎಲ್ಲಿ, ಒತ್ತುವ ಗುಂಡಿ ಎಲ್ಲಿ ಎಂಬುದನ್ನು ಬಣ್ಣ, ಚಿತ್ರ, ಅಲಂಕಾರಗಳ ಗೊಡವೆಯಿಲ್ಲದೆ ಬರಿಯ ಗೆರೆ ಮತ್ತು ಚೌಕಗಳಲ್ಲಿ ತೋರಿಸುವ ರೇಖಾಚಿತ್ರ ಅದು. ಇಂತಹ ಹಲವು ಚಿತ್ರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಗುಂಡಿ ಒತ್ತಿದೊಡನೆ ಮುಂದಿನ ಪರದೆ ತೆರೆದುಕೊಳ್ಳುವಂತೆ ಜೋಡಿಸಿದರೆ ಅದು 'ಪ್ರೊಟೊಟೈಪ್', ಅಂದರೆ ಮೂಲಮಾದರಿ. ಒಂದು ಸಾಲು ಕೋಡ್ ಕೂಡ ಬರೆಯದೆ, ಇನ್ನೂ ಹುಟ್ಟದ ಆಪ್ ಒಂದನ್ನು ಕೈಯಲ್ಲಿ ಹಿಡಿದು ಬಳಸಿ ನೋಡುವ ಅನುಕೂಲ ಇದರಿಂದ ದೊರೆಯುತ್ತದೆ.

ಇದು ವಿನ್ಯಾಸಕಾರರಿಗಷ್ಟೇ ಸೇರಿದ ವಿದ್ಯೆ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ತಮ್ಮ ಅಂಗಡಿ, ಶಾಲೆ ಅಥವಾ ಕಚೇರಿಗಾಗಿ ಹಣ ಕೊಟ್ಟು ತಂತ್ರಾಂಶ ಮಾಡಿಸಿಕೊಳ್ಳುವವರಿಗೆ ಇದು ಇನ್ನೂ ಹೆಚ್ಚು ಉಪಯುಕ್ತ. ತಮಗೇನು ಬೇಕೆಂದು ಹತ್ತು ಪುಟ ಬರೆದುಕೊಟ್ಟರೂ ಉಂಟಾಗದ ಸ್ಪಷ್ಟತೆ ನಾಲ್ಕು ರೇಖಾಚಿತ್ರಗಳಿಂದ ಉಂಟಾಗುತ್ತದೆ. 'ನಾವು ಹೇಳಿದ್ದೇ ಬೇರೆ, ನೀವು ಮಾಡಿದ್ದೇ ಬೇರೆ' ಎಂಬ ಕಡೆಗಾಲದ ವಾಗ್ವಾದವೂ ತಪ್ಪುತ್ತದೆ.

ಜೇಬಿನಲ್ಲಿದ್ದ ಮರದ ತುಂಡು

ಮಾದರಿ ಮಾಡಿ ಪರೀಕ್ಷಿಸುವ ಪದ್ಧತಿ ಇಂದಿನ ತಂತ್ರಾಂಶಗಳಿಗಿಂತ ಹಳೆಯದು. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರಿಗೆ ಒಂದು ಪ್ರಶ್ನೆ ಎದುರಾಯಿತು: ಹೇಳಿದ್ದನ್ನು ಕೇಳಿಸಿಕೊಂಡು ತಾನೇ ಬೆರಳಚ್ಚು ಮಾಡುವ ಯಂತ್ರವೊಂದು ಇದ್ದರೆ ಜನ ಅದನ್ನು ಹೇಗೆ ಬಳಸಿಯಾರು? ಅಂತಹ ಯಂತ್ರ ಆಗ ಇರಲಿಲ್ಲ. ಆದ್ದರಿಂದ ಅವರು ಬಳಕೆದಾರನನ್ನು ಪರದೆಯೊಂದರ ಮುಂದೆ ಕೂರಿಸಿ ಮೈಕ್ ಕೊಟ್ಟರು. ಕಣ್ಣಿಗೆ ಕಾಣದ ಜಾಗದಲ್ಲಿ ಒಬ್ಬ ನುರಿತ ಬೆರಳಚ್ಚುಗಾರ ಕುಳಿತು, ಕೇಳಿದ್ದನ್ನೆಲ್ಲ ಟೈಪ್ ಮಾಡಿ ಪರದೆಗೆ ಕಳುಹಿಸಿದ. ಯಂತ್ರವನ್ನು ಕಟ್ಟುವ ಮೊದಲೇ ಅದರ ಗುಣದೋಷಗಳು ತಿಳಿದುಬಂದವು.

ಇನ್ನೊಂದು ಪ್ರಸಂಗ ಜೆಫ್ ಹಾಕಿನ್ಸ್ ಅವರದು. 1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈಯ ಗಣಕವನ್ನು ರೂಪಿಸುವ ಮುನ್ನ ಅವರು ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿದರು. ಸಭೆಯ ದಿನ ಗೊತ್ತುಮಾಡುವಾಗ ಆ ತುಂಡನ್ನು ಹೊರತೆಗೆದು, ಕಡ್ಡಿಯೊಂದರಿಂದ ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದರು. ನೋಡಿದವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೆ ಸಾಧನ ಜೇಬಿಗೆ ಭಾರವೇ, ಯಾವ ಯಾವ ಹೊತ್ತಿನಲ್ಲಿ ಅದನ್ನು ಹೊರತೆಗೆಯಬೇಕೆನಿಸುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಆ ಮರದ ತುಂಡಿನಿಂದಲೇ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಅದು ಇಂದಿಗೂ ಇದೆ.

ಯಾವ ತಂತ್ರಾಂಶ?

ಹೊಸಬರು ಮೊದಲು ಕೇಳುವ ಪ್ರಶ್ನೆ ಇದೇ. ಮೊದಲ ಉತ್ತರ: ಕಾಗದ ಮತ್ತು ಪೆನ್ಸಿಲ್. ಫೋನಿನ ಅಳತೆಯ ಚೌಕಗಳನ್ನು ಎಳೆದು ಅರ್ಧ ಗಂಟೆ ಗೀಚಿದರೆ ಐದಾರು ಬಗೆಯ ಯೋಜನೆಗಳು ಹೊರಬರುತ್ತವೆ. ಮೌಸ್ ಹಿಡಿದು ಕುಳಿತವರಿಗೆ ಅಷ್ಟು ಹೊತ್ತಿನಲ್ಲಿ ಒಂದು ಮುಗಿದರೆ ಹೆಚ್ಚು.

ಗಣಕದ ಮೇಲೆ ಮಾಡುವುದಾದರೆ ಬಾಲ್ಸಮಿಕ್ ಸರಳವಾದದ್ದು. ಇಟಲಿಯವರಾದ ಪೆಲ್ಡಿ ಗ್ವಿಲಿಜ್ಜೋನಿ 2008ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಇದರಲ್ಲಿ ಬರೆದದ್ದೆಲ್ಲ ಕೈಯಿಂದ ಗೀಚಿದಂತೆಯೇ ಕಾಣುತ್ತದೆ, ಮತ್ತು ಅದು ಉದ್ದೇಶಪೂರ್ವಕ. ನುಣುಪಾದ ಚಿತ್ರ ತೋರಿಸಿದರೆ ನೋಡುವವರು 'ನೀಲಿ ಬಣ್ಣ ಸ್ವಲ್ಪ ಗಾಢವಾಯಿತು' ಎನ್ನುತ್ತಾರೆ. ಒರಟು ಚಿತ್ರ ತೋರಿಸಿದರೆ 'ಈ ಪುಟವೇ ಬೇಡವಲ್ಲ' ಎನ್ನುವ ಧೈರ್ಯ ಮಾಡುತ್ತಾರೆ. ಆರಂಭದಲ್ಲಿ ಬೇಕಾದದ್ದು ಎರಡನೆಯ ಬಗೆಯ ಮಾತು.

ಇನ್ನೊಂದು ತುದಿಯಲ್ಲಿ ಆಕ್ಷೂರ್ ಇದೆ. 'ವಯಸ್ಸು 60 ದಾಟಿದ್ದರೆ ಈ ಪರದೆ, ಇಲ್ಲವಾದರೆ ಆ ಪರದೆ' ಎಂಬಂತಹ ಷರತ್ತುಗಳನ್ನು ಮಾದರಿಯಲ್ಲೇ ಅಳವಡಿಸಲು ಇದರಲ್ಲಿ ಅವಕಾಶವಿದೆ. ಬ್ಯಾಂಕು, ವಿಮೆಗಳಂತಹ ಜಟಿಲ ವ್ಯವಹಾರಗಳಿಗೆ ಒಳ್ಳೆಯದು. ಕಲಿಯಲು ಸಮಯ ಹಿಡಿಯುತ್ತದೆ. ಮೊದಲ ವಾರವೇ ಇದಕ್ಕೆ ಕೈಹಾಕುವ ಅಗತ್ಯವಿಲ್ಲ.

ಇವೆರಡರ ನಡುವೆ ಇಂದು ಹೆಚ್ಚು ಬಳಕೆಯಲ್ಲಿರುವುದು ಫಿಗ್ಮಾ. ಡೈಲನ್ ಫೀಲ್ಡ್ ಮತ್ತು ಇವಾನ್ ವ್ಯಾಲೇಸ್ 2012ರಲ್ಲಿ ಆರಂಭಿಸಿದ ಈ ಸಂಸ್ಥೆಯ ತಂತ್ರಾಂಶ 2016ರಲ್ಲಿ ಎಲ್ಲರಿಗೂ ಲಭ್ಯವಾಯಿತು. ಬ್ರೌಸರ್‌ನಲ್ಲೇ ಕೆಲಸ ಮಾಡುವುದರಿಂದ ಏನನ್ನೂ ಅನುಸ್ಥಾಪಿಸಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು, ಮೈಸೂರಿನಲ್ಲಿ ಇನ್ನೊಬ್ಬರು ಕುಳಿತು ಒಂದೇ ಕಡತವನ್ನು ಏಕಕಾಲದಲ್ಲಿ ತಿದ್ದಬಹುದು. ಕೆಲವು ಮಿತಿಗಳೊಂದಿಗೆ ಉಚಿತ ಶ್ರೇಣಿಯೂ ಇದೆ. ಮುಕ್ತ ತಂತ್ರಾಂಶವೇ ಬೇಕೆನ್ನುವವರಿಗೆ ಸ್ಪೇನ್ ಮೂಲದ ಪೆನ್‌ಪಾಟ್ ಇದೆ. ಅದನ್ನು ಸ್ವಂತ ಸರ್ವರ್‌ನಲ್ಲೂ ಇರಿಸಿಕೊಳ್ಳಬಹುದಾದ್ದರಿಂದ ಮಾಹಿತಿ ಹೊರಗೆ ಹೋಗಬಾರದೆನ್ನುವ ಕಚೇರಿಗಳಿಗೆ ಅನುಕೂಲ.

ಆದರೆ ಯಾವ ತಂತ್ರಾಂಶಕ್ಕೂ ಅತಿಯಾಗಿ ಅಂಟಿಕೊಳ್ಳುವುದು ತರವಲ್ಲ. ಒಂದು ಕಾಲಕ್ಕೆ ಈ ಕ್ಷೇತ್ರದ ದೊಡ್ಡ ಹೆಸರಾಗಿದ್ದ ಇನ್‌ವಿಷನ್ 2024ರ ಅಂತ್ಯಕ್ಕೆ ತನ್ನ ಸೇವೆಯನ್ನು ನಿಲ್ಲಿಸಿತು. ಅಡೋಬಿ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಫಿಗ್ಮಾವನ್ನು ಸುಮಾರು 2,000 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿ, ಐರೋಪ್ಯ ಮತ್ತು ಬ್ರಿಟಿಷ್ ನಿಯಂತ್ರಕರ ಆಕ್ಷೇಪದಿಂದಾಗಿ 2023ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು. ಈ ನಡುವೆ ತನ್ನದೇ ಎಕ್ಸ್‌ಡಿ ತಂತ್ರಾಂಶವನ್ನು ಬಿಡಿಯಾಗಿ ಮಾರುವುದನ್ನೂ ನಿಲ್ಲಿಸಿತ್ತು. ಕಡತಗಳ ಪಿಡಿಎಫ್ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಜಾಣತನ.

ಒಂದು ಮಾದರಿ ಕೆಲಸ

ಜಿಲ್ಲಾ ಆಸ್ಪತ್ರೆಯೊಂದರ ಹೊರರೋಗಿ ಚೀಟಿಯನ್ನು ಮೊಬೈಲ್‌ನಲ್ಲೇ ಪಡೆಯುವ ಆಪ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ತಂತ್ರಾಂಶ ತೆರೆಯುವ ಮೊದಲು ಒಂದು ವಾಕ್ಯ ಬರೆಯಬೇಕು: 'ಮಂಡಿನೋವಿನ ಅಜ್ಜಿಗೆ ಮನೆಯಲ್ಲೇ ಕುಳಿತು ನಾಳೆಯ ಚೀಟಿ ಸಿಗಬೇಕು.' ಈ ವಾಕ್ಯಕ್ಕೆ ಸೇರದ ಪರದೆಗಳನ್ನೆಲ್ಲ ಸದ್ಯಕ್ಕೆ ಬದಿಗಿಡಬೇಕು. ಉಳಿಯುವುದು ಐದು: ಮೊಬೈಲ್ ಸಂಖ್ಯೆ, ಒಟಿಪಿ, ವಿಭಾಗದ ಆಯ್ಕೆ, ದಿನ ಮತ್ತು ಸಮಯ, ಕೊನೆಗೆ ಚೀಟಿ.

ಫಿಗ್ಮಾದಲ್ಲಿ ಹೊಸ ಕಡತ ತೆರೆದು ಕೀಲಿಮಣೆಯ 'ಎಫ್' ಒತ್ತಿದರೆ ಬಲಬದಿಯಲ್ಲಿ ಫೋನುಗಳ ಅಳತೆಯ ಪಟ್ಟಿ ಕಾಣುತ್ತದೆ. ಒಂದನ್ನು ಆರಿಸಿದರೆ ಖಾಲಿ ಚೌಕಟ್ಟು ಮೂಡುತ್ತದೆ. ಇದಕ್ಕೆ 'ಫ್ರೇಮ್' ಎನ್ನುತ್ತಾರೆ. ಪ್ರತಿಯೊಂದು ಪರದೆಗೂ ಒಂದು ಫ್ರೇಮ್. ಅಗ್ಗದ ಆಂಡ್ರಾಯ್ಡ್ ಫೋನುಗಳನ್ನು ಗಮನದಲ್ಲಿಟ್ಟು 360ರ ಅಗಲ ಆರಿಸಿಕೊಳ್ಳುವುದು ಕ್ಷೇಮ. ಕಿರಿದಾದ ಪರದೆಯಲ್ಲಿ ಹಿಡಿಸಿದ್ದು ದೊಡ್ಡದರಲ್ಲಿ ಹಿಡಿಸದೇ ಇರದು. 'ಆರ್' ಒತ್ತಿ ಚೌಕ, 'ಟಿ' ಒತ್ತಿ ಅಕ್ಷರ. ಈ ಹಂತದಲ್ಲಿ ಬೂದು ಬಣ್ಣವೊಂದೇ ಸಾಕು. ಫ್ರೇಮುಗಳಿಗೆ 'ವಿಭಾಗ ಆಯ್ಕೆ', 'ಚೀಟಿ' ಎಂದು ಹೆಸರಿಟ್ಟುಕೊಳ್ಳದವರು ಇಪ್ಪತ್ತು ಪರದೆಗಳಾದ ಮೇಲೆ ಪರದಾಡುತ್ತಾರೆ.

ಐದೂ ಸಿದ್ಧವಾದ ಮೇಲೆ ಬಲಬದಿಯ 'ಪ್ರೊಟೊಟೈಪ್' ವಿಭಾಗಕ್ಕೆ ಹೋಗಬೇಕು. ಗುಂಡಿಯೊಂದನ್ನು ಆರಿಸಿದಾಗ ಅದರ ಅಂಚಿನಲ್ಲಿ ಪುಟ್ಟ ಬಿಂದು ಕಾಣಿಸುತ್ತದೆ. ಅದನ್ನು ಹಿಡಿದು ಮುಂದಿನ ಫ್ರೇಮಿನವರೆಗೆ ಎಳೆದರೆ ಬಾಣವೊಂದು ಮೂಡುತ್ತದೆ. ಕೊಂಡಿ ಬಿದ್ದಂತಾಯಿತು. ಒತ್ತಿದಾಗ ತೆರೆಯಬೇಕೋ, ಸರಿಸಿದಾಗಲೋ, ಕೆಲ ಕ್ಷಣ ಕಾದ ಮೇಲೋ ಎಂಬುದನ್ನು ಅಲ್ಲೇ ಗೊತ್ತುಪಡಿಸಬಹುದು. ಹಿಂದಿನ ಪರದೆಗೆ ಮರಳುವ ಕೊಂಡಿಯನ್ನು ಹೊಸಬರು ಸಾಮಾನ್ಯವಾಗಿ ಮರೆಯುತ್ತಾರೆ. ಬಳಕೆದಾರರು ಮೊದಲು ಹುಡುಕುವುದು ಅದನ್ನೇ. ಬಳಿಕ ಮೇಲ್ಭಾಗದ ತ್ರಿಕೋನಾಕಾರದ ಗುಂಡಿ ಒತ್ತಿದರೆ ಮಾದರಿ ಜೀವ ತಳೆಯುತ್ತದೆ. ಫೋನಿನಲ್ಲಿ ಫಿಗ್ಮಾ ಆಪ್ ಇದ್ದರೆ ಅಂಗೈಯಲ್ಲೇ ನೋಡಬಹುದು.

ಇಷ್ಟಕ್ಕೇ ತೃಪ್ತಿಪಡುವಂತಿಲ್ಲ. ಒಟಿಪಿ ಬಾರದೇ ಹೋದರೆ? ನಾಳೆಯ ಚೀಟಿಗಳೆಲ್ಲ ಮುಗಿದಿದ್ದರೆ? ಸಂಪರ್ಕ ನಡುವೆ ಕಡಿದುಹೋದರೆ? ಎಲ್ಲವೂ ಸರಿಯಾಗಿ ನಡೆಯುವ ಹಾದಿಯೊಂದನ್ನೇ ಬರೆದು ಮುಗಿಸಿದ ನಕ್ಷೆ ಅರ್ಧ ನಕ್ಷೆ. ಅಜ್ಜಿ ಅಳುಕುವುದು ಉಳಿದರ್ಧದಲ್ಲಿ.

ಕನ್ನಡ ಹಿಡಿಸುವುದೇ?

ನಮ್ಮಲ್ಲಿ ಹೆಚ್ಚಿನ ಅನಾಹುತ ನಡೆಯುವುದು ಇಲ್ಲಿ. ವೈರ್‌ಫ್ರೇಮ್‌ಗಳನ್ನು ಆಂಗ್ಲದಲ್ಲಿ ಬರೆದು, ಅಥವಾ ಅರ್ಥವಿಲ್ಲದ ಲ್ಯಾಟಿನ್ ಪಠ್ಯವನ್ನು ತುಂಬಿ ಒಪ್ಪಿಗೆ ಪಡೆಯಲಾಗುತ್ತದೆ. ಆಪ್ ಪೂರ್ಣಗೊಂಡ ಮೇಲೆ 'ಇನ್ನು ಕನ್ನಡ ಸೇರಿಸಿ' ಎಂಬ ಸೂಚನೆ ಬರುತ್ತದೆ. ಆಂಗ್ಲದಲ್ಲಿ ನಾಲ್ಕು ಅಕ್ಷರದ 'ನೆಕ್ಸ್ಟ್' ಕುಳಿತಿದ್ದ ಗುಂಡಿಯಲ್ಲಿ 'ಮುಂದುವರಿಯಿರಿ' ಹಿಡಿಸಬೇಕು. ಹಿಡಿಸುವುದಿಲ್ಲ, 'ಮುಂದುವ' ಎಂದು ಕತ್ತರಿಸಿ ನಿಲ್ಲುತ್ತದೆ. ಅನುವಾದದಲ್ಲಿ ಪಠ್ಯ ಹಿಗ್ಗುವುದು ಹೊಸ ಸಂಗತಿಯೇನಲ್ಲ. ಆಂಗ್ಲದ ಹತ್ತಕ್ಷರದೊಳಗಿನ ಪದಗುಚ್ಛಗಳು ಬೇರೆ ಭಾಷೆಗಳಲ್ಲಿ ಎರಡು, ಮೂರು ಪಟ್ಟು ಜಾಗ ಬೇಡಬಹುದೆಂದು ಐಬಿಎಂ ಮಾರ್ಗಸೂಚಿ ಬಹಳ ಹಿಂದೆಯೇ ಎಚ್ಚರಿಸಿತ್ತು.

ಉದ್ದದ ಸಮಸ್ಯೆ ಒಂದಾದರೆ ಎತ್ತರದ ಸಮಸ್ಯೆ ಇನ್ನೊಂದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳಲ್ಲಿ ಎರಡೆರಡು ಒತ್ತುಗಳು. ಲ್ಯಾಟಿನ್ ಲಿಪಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಇವು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ಗುಂಡಿಯ ಅಂಚಿನಲ್ಲಿ ಮಾಯವಾಗುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನ ಅಂತರದಿಂದ ಆರಂಭಿಸಿ, ಕಣ್ಣಿಗೆ ಹಿತವೆನಿಸುವವರೆಗೆ ತಿದ್ದಿಕೊಳ್ಳಬೇಕು. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಉಚಿತ ಯುನಿಕೋಡ್ ಅಕ್ಷರವಿನ್ಯಾಸಗಳು ಇದಕ್ಕೆ ಒದಗುತ್ತವೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ನೇರವಾಗಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಪದಗಳ ಆಯ್ಕೆಯೂ ವಿನ್ಯಾಸದ ಭಾಗವೇ. ವಿಭಾಗಗಳ ಪಟ್ಟಿಯಲ್ಲಿ 'ಆರ್ಥೋಪೆಡಿಕ್ಸ್' ಎಂದಿದ್ದರೆ ಅಜ್ಜಿಗೆ ತಿಳಿಯದು. 'ಅಸ್ಥಿ ಚಿಕಿತ್ಸಾ ವಿಭಾಗ' ಎಂದರೂ ತಿಳಿಯದಿರಬಹುದು. 'ಮೂಳೆ, ಕೀಲು ನೋವು' ಎಂದರೆ ತಿಳಿಯುತ್ತದೆ. ಈ ಸತ್ಯ ಗೋಚರಿಸಬೇಕಾದರೆ ಮೊದಲ ದಿನದಿಂದಲೇ ಚೌಕಗಳೊಳಗೆ ನಿಜವಾದ ಕನ್ನಡ ಇರಬೇಕು. ತಪ್ಪು ವಿಭಾಗ ಒತ್ತಿದವರು ತಪ್ಪು ಸಾಲಿನಲ್ಲಿ ಅರ್ಧ ದಿನ ಕಳೆಯುತ್ತಾರೆ. ಕೂಲಿ ಬಿಟ್ಟು ಜೊತೆಗೆ ಬಂದ ಮಗನ ಆ ದಿನದ ಸಂಪಾದನೆಯೂ ಹೋಗುತ್ತದೆ.

ಐವರು ಸಾಕು

ಮಾದರಿ ಸಿದ್ಧವಾದ ಮೇಲೆ ಜನರ ಕೈಗೆ ಕೊಡಬೇಕು. ಐವರು ಬಳಸಿ ನೋಡಿದರೆ ಸುಮಾರು ಶೇ 85ರಷ್ಟು ತೊಡಕುಗಳು ಬೆಳಕಿಗೆ ಬರುತ್ತವೆಂದು ಬಳಕೆಸ್ನೇಹಿ ವಿನ್ಯಾಸದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಆ ಲೆಕ್ಕವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೂ ಒಬ್ಬರಿಗೂ ತೋರಿಸದಿರುವುದಕ್ಕಿಂತ ಐವರಿಗೆ ತೋರಿಸುವುದು ಲೇಸು ಎಂಬುದರಲ್ಲಿ ತಕರಾರಿಲ್ಲ. ಐವರೂ ಕಚೇರಿಯ ಸಹೋದ್ಯೋಗಿಗಳೇ ಆಗಿದ್ದರೆ ಮಾತ್ರ ಪ್ರಯೋಜನ ಕಡಿಮೆ.

ಪರೀಕ್ಷಿಸುವವರು 'ಈ ಗುಂಡಿ ಒತ್ತಿ' ಎಂದು ಹೇಳಬಾರದು. 'ನಿಮಗೆ ಮಂಡಿನೋವು, ನಾಳೆಗೆ ಚೀಟಿ ಬೇಕು' ಎಂದಷ್ಟೇ ಹೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟದ ಭಾಗ. ಬೆರಳು ಎಲ್ಲಿ ತಡೆಯಿತು, ಯಾವ ಪದವನ್ನು ಎರಡು ಬಾರಿ ಓದಿದರು, ಎಲ್ಲಿ ಫೋನನ್ನು ಮೊಮ್ಮಗನ ಕೈಗೆ ಕೊಟ್ಟರು ಎಂಬುದನ್ನು ಬರೆದುಕೊಳ್ಳಬೇಕು. 'ಚೆನ್ನಾಗಿದೆ' ಎಂಬ ಸೌಜನ್ಯದ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಈಗ ಮಾತಿನಲ್ಲಿ ವಿವರಿಸಿದರೆ ಪರದೆಗಳನ್ನು ತಾವೇ ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ. ಗೂಗಲ್‌ನ ಸ್ಟಿಚ್ ಮತ್ತು ಫಿಗ್ಮಾದ ಮೇಕ್ ಎರಡೂ 2025ರಲ್ಲಿ ಪ್ರಕಟಗೊಂಡವು. ಕೆಲವೇ ನಿಮಿಷಗಳಲ್ಲಿ ಅಂದವಾದ ಪರದೆಗಳು ಸಿದ್ಧವಾಗುತ್ತವೆ. ಅಂದವೇ ಇಲ್ಲಿನ ತೊಡಕು ಕೂಡ: ಯಾರೂ ಯೋಚಿಸದ ವಿನ್ಯಾಸವೂ ಮುಗಿದ ಕೆಲಸದಂತೆ ಕಾಣುತ್ತದೆ, ಪ್ರಶ್ನಿಸಲು ಜನ ಹಿಂಜರಿಯುತ್ತಾರೆ. ಕಾಗದದ ಗೀಚು ಮುಗಿದ ಮೇಲೆ ಇವುಗಳ ನೆರವು ಪಡೆಯುವುದು ಉತ್ತಮ ಕ್ರಮ.

ಐವರ ತೊಡಕುಗಳನ್ನು ತಿದ್ದಿ, ಮತ್ತಿಬ್ಬರಿಗೆ ತೋರಿಸಿ, ಆ ಬಳಿಕ ಮಾದರಿಯ ಕೊಂಡಿಯನ್ನು ಕೋಡ್ ಬರೆಯುವವರಿಗೆ ಕಳುಹಿಸಬಹುದು. ಅದರೊಂದಿಗೆ ಪರದೆಗಳಲ್ಲಿರುವ ಕನ್ನಡ ಪಠ್ಯವನ್ನೆಲ್ಲ ಪ್ರತ್ಯೇಕ ಕಡತದಲ್ಲಿ ಬರೆದು ಕೊಡಬೇಕು. ಇಲ್ಲವಾದರೆ ಅವರು ಯಂತ್ರಾನುವಾದದ ಮೊರೆಹೋಗುವ ಸಂಭವವಿದ್ದು, 'ಮೂಳೆ, ಕೀಲು ನೋವು' ಮತ್ತೆ 'ಆರ್ಥೋಪೆಡಿಕ್ಸ್' ಆಗಿ ಬಂದು ಕೂರುತ್ತದೆ.