ರುಮಾಲು ಬಿಚ್ಚುವವರ ನೌಕರಿ: ತಪ್ಪು ಕಲ್ಪನೆ ಮತ್ತು ಸತ್ಯ

ಕೊಲ್ಹಾಪುರ ಜಿಲ್ಲೆಯ ಕಾಗಲ, ಗಡಹಿಂಗ್ಲಜ ಕಡೆಯ ಹುಡುಗರು ಪತ್ರಾಗಾರದ ಕೆಲಸ, ಅಂದರೆ ರುಮಾಲು ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ದಾಖಲೆ ಬಿಚ್ಚಿ ನೋಡುವ ಕೆಲಸ, ಕಲಿಯುತ್ತೇವೆ ಎಂದರೆ ಮನೆಯವರು ಮುಖ ಸಣ್ಣ ಮಾಡುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಹಳೇ ಕಾಗದ ಈಗ ಯಾರಿಗೆ ಬೇಕು?

ಸತ್ಯ: 2023ರಲ್ಲಿ ಇಡೀ ಮಹಾರಾಷ್ಟ್ರಕ್ಕೇ ಬೇಕಾಯಿತು. ಮರಾಠಾ ಮೀಸಲಾತಿಯ ಹೋರಾಟ ಜೋರಾದಾಗ ಸರ್ಕಾರ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯನ್ನು ನೇಮಿಸಿತು. ಹಿಂದುಳಿದ ವರ್ಗದ ಮೀಸಲಾತಿಗೆ ಆಧಾರವಾಗುವ ‘ಕುಣಬಿ’ ಎಂಬ ಜಾತಿ ನಮೂದಿಗಾಗಿ ಕಂದಾಯದ, ಶಾಲೆಯ, ಜನನ-ಮರಣದ ದಾಖಲೆಗಳನ್ನೆಲ್ಲ ತಡಕಾಡಿದರು. ಹಳೆಯವುಗಳಲ್ಲಿ ಎಷ್ಟೋ ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದವು; ಓದಬಲ್ಲವರನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಮೀಸಲಾತಿಯ ಕಾಗದವಂತೂ ಈ ಸೀಮೆಗೆ ಹೊಸದಲ್ಲ. ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹು ಮಹಾರಾಜರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ 50 ಮೀಸಲಿಟ್ಟದ್ದು 1902ರ ಜುಲೈ 26ರ ಆದೇಶದಿಂದ. ಸಂಸ್ಥಾನ 1949ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಅದರ ದಫ್ತರ ಮಾತ್ರ ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಉಳಿದಿದೆ.

ತಪ್ಪು ಕಲ್ಪನೆ: ಮೋಡಿ ಸತ್ತ ಲಿಪಿ, ಅದೂ ಮರಾಠಿಗರದು.

ಸತ್ಯ: ಬೆಳಗಾವಿ, ಧಾರವಾಡ ಸೀಮೆಯ ಹಳೆಯ ಇನಾಮು, ವತನದ ಕಾಗದಗಳೂ ಎಷ್ಟೋ ಮೋಡಿಯಲ್ಲಿವೆ. ಲೇಖನಿ ಎತ್ತದೆ ಬರೆದ ಸಾಲುಗಳವು. ಪದಗಳ ನಡುವೆ ಜಾಗವಿಲ್ಲ, ಇಕಾರ-ಉಕಾರಗಳಲ್ಲಿ ಹ್ರಸ್ವ-ದೀರ್ಘದ ಭೇದವೂ ಇಲ್ಲ. ಹಾಗಾಗಿ ಅಕ್ಷರ ಗುರುತಿಸಿದರಷ್ಟೇ ಸಾಲದು. ಊರ ಹೆಸರು, ಅಡ್ಡಹೆಸರು, ಹೊಲದ ಲೆಕ್ಕ ಗೊತ್ತಿದ್ದವನಿಗೇ ಅದು ದಕ್ಕುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎನ್ನುವ ಗಡಿಯ ಮಕ್ಕಳಿಗೆ ಇಲ್ಲಿ ಅರ್ಧ ದಾರಿ ಆಗಲೇ ಸವೆದಿರುತ್ತದೆ ಎಂದೇ ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಇದ್ದದ್ದನ್ನೆಲ್ಲ ಕಟ್ಟಿಡುವುದೇ ಕೆಲಸ.

ಸತ್ಯ: ಯಾವುದನ್ನು ಎಸೆಯಬೇಕು ಎಂದು ತೀರ್ಮಾನಿಸುವುದೇ ಕಠಿಣ ಭಾಗ. ಕಚೇರಿಯ ಕಾಗದಗಳಿಗೆ ದರ್ಜೆಗಳಿವೆ: ಕೆಲವು ಶಾಶ್ವತ, ಕೆಲವಕ್ಕೆ ಕೆಲವೇ ವರ್ಷದ ಆಯುಷ್ಯ. ಇದಕ್ಕೆ ಕಾನೂನೂ ಇದೆ. ಕೇಂದ್ರದ್ದು 1993ರದು, ಮಹಾರಾಷ್ಟ್ರದ್ದು 2005ರದು, ಕರ್ನಾಟಕದ್ದು 2010ರದು. ಕೇಂದ್ರ ಕಾಯ್ದೆಯ ಪ್ರಕಾರ 1892ಕ್ಕಿಂತ ಹಿಂದಿನ ದಾಖಲೆ ಬಳಸಲಾರದಷ್ಟು ಹಾಳಾಗಿದ್ದರೆ ಹೊರತು ನಾಶ ಮಾಡುವಂತಿಲ್ಲ.

ತಪ್ಪು ಕಲ್ಪನೆ: ಸ್ಕ್ಯಾನ್ ಮಾಡಿದರೆ ಮುಗಿಯಿತು.

ಸತ್ಯ: ಸೂಚಿಯಿಲ್ಲದ ಸ್ಕ್ಯಾನು ಬಿಚ್ಚದ ರುಮಾಲಿನಷ್ಟೇ ನಿರುಪಯೋಗಿ. ಸ್ಕ್ಯಾನಾದ ಮೇಲೂ ಮೂಲ ಕಾಗದ ಉಳಿಯಬೇಕು. ಹಾಗಾಗಿ ಮನೆಯ ಹಳೆಯ ಉತಾರವನ್ನು ಪ್ಲಾಸ್ಟಿಕ್ ಲ್ಯಾಮಿನೇಶನ್‌ಗೆ ಕೊಡಬೇಡಿ. ಬಿಸಿಗೆ ಅಂಟಿದ ಪೊರೆಯನ್ನು ಕಾಗದ ಹರಿಯದಂತೆ ತೆಗೆಯುವುದು ಬಹಳ ಕಷ್ಟ. ಪತ್ರಾಗಾರದವರು ತೆಳು ಟಿಶ್ಯೂ ಕಾಗದ, ಮತ್ತೆ ಬಿಡಿಸಬಹುದಾದ ಅಂಟು ಬಳಸುತ್ತಾರೆ. ಕಾಗದ ಉಳಿಸುವ ಈ ಕೆಲಸದಲ್ಲಿ ಇತಿಹಾಸಕ್ಕಿಂತ ರಸಾಯನಶಾಸ್ತ್ರವೇ ಹೆಚ್ಚು.

ತಪ್ಪು ಕಲ್ಪನೆ: ಸರ್ಕಾರಿ ಕಚೇರಿ ಬಿಟ್ಟರೆ ಬೇರೆ ನೌಕರಿಯಿಲ್ಲ.

ಸತ್ಯ: ರಿಸರ್ವ್ ಬ್ಯಾಂಕಿನ ಪತ್ರಾಗಾರ ಪುಣೆಯಲ್ಲಿದೆ (ಸ್ಥಾಪನೆ 1981), ಟಾಟಾ ಸಮೂಹದ್ದೂ ಅಲ್ಲೇ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ವಿಜ್ಞಾನಿಗಳ ಕಾಗದಗಳಿಗೆಂದು 2019ರಲ್ಲಿ ಒಂದನ್ನು ತೆರೆದಿದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಈ ಕೆಲಸದ ತರಬೇತಿಯನ್ನೂ ಕೊಡುತ್ತದೆ. ಹುದ್ದೆಗಳು ಹೇರಳವಾಗಿವೆ ಎಂದೇನೂ ಹೇಳಲಾರೆ. ಜಾಹೀರಾತು ಬರುವುದು ಅಪರೂಪ. ಮೋಡಿ ಬಲ್ಲವರಿಗೆ ಮಾತ್ರ ಅದರ ಹಂಗಿಲ್ಲ. ಹೊಲದ ವಾಟ್ನಿ (ಪಾಲು) ದಾವೆ ಹೂಡಿದವರೂ ಅವರ ವಕೀಲರೂ ಪುಟಕ್ಕಿಷ್ಟು ಎಂದು ಕೊಟ್ಟು ಓದಿಸಿಕೊಳ್ಳುತ್ತಾರೆ.