ಹಳೆಯ ಮನೆ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ನೆಲೆಸಿರುವ ನಾವು ಅದಕ್ಕೆ ‘ಹಳೇ ಮನೆ ರಿಪೇರಿ ಮಾಡಿಸಿ ನೋಡು’ ಎಂದೂ ಸೇರಿಸಿಕೊಳ್ಳಬಹುದು! ಪಾಳು ಮನೆ ಅರ್ಧ ಗಂಟೆಯಲ್ಲಿ ಅರಮನೆಯಾಗುವುದನ್ನು ಟಿವಿಯಲ್ಲಿ ಕಂಡು, ಮಕ್ಕಳ ಕಾಲೇಜಿಗೆಂದು ಕೂಡಿಟ್ಟ ಹಣವನ್ನು ಇದರಲ್ಲಿ ತೊಡಗಿಸುವ ಆಸೆ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಆಸೆ ತಪ್ಪಲ್ಲ. ಆದರೆ ಲಾಭ ನಷ್ಟ ಬಹುಪಾಲು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ.

ಕೊಂಡು, ದುರಸ್ತಿ ಮಾಡಿ ಮಾರುವವರು ಬಳಸುವ ಸರಳ ಸೂತ್ರವೊಂದಿದೆ. ರಿಪೇರಿಯಾದ ಮೇಲೆ ಮನೆ ಎಷ್ಟಕ್ಕೆ ಹೋದೀತು ಎಂದು ಅಕ್ಕಪಕ್ಕದ ಇತ್ತೀಚಿನ ಮಾರಾಟಗಳಿಂದ ಅಂದಾಜು ಮಾಡಬೇಕು. ಅದರ ಶೇ. 70ರಲ್ಲಿ ರಿಪೇರಿ ಖರ್ಚು ಕಳೆದರೆ ಉಳಿಯುವುದೇ ಕೊಡಬಹುದಾದ ಗರಿಷ್ಠ ಬೆಲೆ. ಉದಾಹರಣೆಗೆ, 3 ಲಕ್ಷ ಡಾಲರಿಗೆ ಮಾರಬಹುದಾದ ಮನೆಗೆ 50 ಸಾವಿರದ ಕೆಲಸವಿದ್ದರೆ, 1 ಲಕ್ಷ 60 ಸಾವಿರಕ್ಕಿಂತ ಹೆಚ್ಚು ಕೊಡಬಾರದು. ಮಿಕ್ಕ ಶೇ. 30ರಲ್ಲಿ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ವಿಮೆ, ಏಜೆಂಟರ ಕಮಿಷನ್ ಎಲ್ಲ ಕಳೆದು ಉಳಿದದ್ದು ಲಾಭ.

ಗ್ರಾನೈಟ್ ಅಡುಗೆಮನೆಗೆ ಮನಸೋಲುವ ಮೊದಲು ಛಾವಣಿ, ಅಡಿಪಾಯ, ವೈರಿಂಗ್, ಕೊಳಾಯಿ, ಫರ್ನೇಸ್ ಇವನ್ನು ಇನ್‌ಸ್ಪೆಕ್ಟರರಿಂದ ಪರೀಕ್ಷೆ ಮಾಡಿಸೋಣ. ದುಡ್ಡು ನುಂಗುವುದು ಇವೇ. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸವಿರಬಹುದು. ಮನೆಗಳಿಗೆ ಅಂಥ ಬಣ್ಣ ನಿಷೇಧವಾದದ್ದು ಆ ವರ್ಷ. ಅದನ್ನು ಉಜ್ಜಿದಾಗ ಏಳುವ ಧೂಳು ಪುಟ್ಟ ಮಕ್ಕಳ ಮಿದುಳಿಗೆ ಹಾನಿಕರ. ಇಂಥ ಮನೆಗಳಲ್ಲಿ ಹಳೆಯ ಬಣ್ಣ ಕೆದಕುವ ಕೆಲಸ ಮಾಡುವ ಕಂಟ್ರಾಕ್ಟರರಿಗೆ ಸೀಸದ ಸುರಕ್ಷತೆಯ ಪ್ರಮಾಣಪತ್ರ 2010ರಿಂದ ಕಡ್ಡಾಯ. ಅದನ್ನು ಕೇಳಿ ನೋಡಲು ಸಂಕೋಚ ಬೇಡ. ಪರ್ಮಿಟ್ ಇಲ್ಲದೆ ಮಾಡಿಸಿದ ಕೆಲಸವೂ ಮಾರುವಾಗ ತೊಡಕಾಗುತ್ತದೆ.

ಹೊಸಬರಿಗೆ ನಾವು ಹೇಳುವುದು ನಿಧಾನದ ದಾರಿ: ವಾಸಕ್ಕೆಂದೇ ಹಳೆಯ ಮನೆ ಕೊಂಡು, ಇದ್ದುಕೊಂಡೇ ಸುಧಾರಿಸುವುದು. ಮಾರುವ ಮುಂಚಿನ 5 ವರ್ಷಗಳಲ್ಲಿ ಒಟ್ಟು 2 ವರ್ಷ ಸ್ವಂತ ಮನೆಯಾಗಿ ಅಲ್ಲಿ ವಾಸವಿದ್ದರೆ, ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ ಸಾಮಾನ್ಯವಾಗಿ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಫೆಡರಲ್ ತೆರಿಗೆ ಇಲ್ಲ. ವರ್ಷದೊಳಗೆ ಕೊಂಡು ಮಾರಿದರೆ ಲಾಭಕ್ಕೆ ಸಂಬಳದ ದರದಲ್ಲೇ ತೆರಿಗೆ ಬೀಳುತ್ತದೆ.

ಎಚ್-1ಬಿ ವೀಸಾದಲ್ಲಿರುವವರಿಗೆ ಇನ್ನೊಂದು ಮಾತು. ಆ ವೀಸಾ ಕೆಲಸಕ್ಕೆ ಅನುಮತಿ ಕೊಡುವುದು ಅರ್ಜಿ ಹಾಕಿದ ಕಂಪನಿಯಲ್ಲಿ ಮಾತ್ರ. ಆದ್ದರಿಂದ ಮಾರುವ ಉದ್ದೇಶದಿಂದ ಮನೆ ಕೊಂಡು ತಾವೇ ಸುತ್ತಿಗೆ ಹಿಡಿಯುವ ಮುನ್ನ ವಲಸೆ ವಕೀಲರ ಸಲಹೆ ಪಡೆಯುವುದು ಒಳ್ಳೆಯದು. ಆ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು, ಆಮೇಲೆ ಮನೆ ನೋಡಲು ಹೊರಡೋಣ.