ಸಾಂಕ್ರಾಮಿಕ ಕಾಲದಲ್ಲಿ ಸಂಸಾರದೊಡನೆ ಪ್ರಯಾಣ

ಊರಿನಲ್ಲಿ ರೋಗವು ಹಬ್ಬಿರುವಾಗ ಊರು ಬಿಟ್ಟು ಹೊರಡುವುದು ಸರಿಯೇ ಎಂಬ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಲಿ ಬಿದ್ದ ಮನೆಗಳಿಗೆ ಬೀಗ ಹಾಕಿ ಜನರು ಹೊರಗಣ ಬಯಲುಗಳಲ್ಲಿ ಗುಡಿಸಲು ಕಟ್ಟಿಕೊಂಡು ದಿನ ಕಳೆದರು. ಮಲ್ಲೇಶ್ವರ, ಬಸವನಗುಡಿಗಳಂತಹ ವಿಶಾಲವಾದ ಬಡಾವಣೆಗಳು ಜನರಿಂದ ತುಂಬಿಕೊಂಡುದು ಆ ಭೀತಿಯ ಬಳಿಕವೇ. ಪ್ಲೇಗು ಇಲಿ ಮತ್ತು ಚಿಗಟಗಳಿಂದ ಹರಡತಕ್ಕ ರೋಗವಾದುದರಿಂದ, ಮನೆಯನ್ನು ಬಿಟ್ಟವರು ಬಹುಮಟ್ಟಿಗೆ ರೋಗವನ್ನೂ ಹಿಂದೆ ಬಿಟ್ಟಂತಾಗುತ್ತಿದ್ದಿತು. ಆದರೆ 2020ರಲ್ಲಿ ಬಂದ ಕೊರೋನ ರೋಗವು ಮನುಷ್ಯನ ಉಸಿರಿನಿಂದ ಹರಡತಕ್ಕದ್ದು. ಮನೆ ಬಿಟ್ಟವನ ಸಂಗಡ ಅದೂ ಹೊರಡುವುದು. ಹಿಂದಿನವರಿಗೆ ರಕ್ಷಣೆಯಾಗಿದ್ದ ಪ್ರಯಾಣವೇ ನಮ್ಮ ಕಾಲದಲ್ಲಿ ಅಪಾಯವಾಗಿ ಪರಿಣಮಿಸಿತು.

ಕೆಂಗೇರಿ ಉಪನಗರದಲ್ಲಿ ವಾಸಿಸುವ ನಮ್ಮಂತಹವರಿಗೆ ಈ ವಿಚಾರವು ಕಣ್ಣೆದುರಿಗೇ ನಡೆಯಿತು. ಬೆಂಗಳೂರಿನಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಮೈಸೂರಿಗೆ ಹೋಗುವ ರಸ್ತೆಗೆ ಕೆಂಗೇರಿಯು ಹೆಬ್ಬಾಗಿಲಿನಂತಿರುವುದು. ಮಾರ್ಚಿ 25ರಿಂದ ದೇಶವೆಲ್ಲವೂ ಮುಚ್ಚಿದಾಗ ಆ ರಸ್ತೆಯು ಬಣಗುಟ್ಟಿತು. ಜುಲೈ 14ರಿಂದ 22ರವರೆಗೆ ಬೆಂಗಳೂರನ್ನು ಮತ್ತೊಮ್ಮೆ ಮುಚ್ಚುವರೆಂಬ ಸುದ್ದಿ ಬಂದೊಡನೆ, ಹಾಸಿಗೆ ಪಾತ್ರೆಗಳನ್ನು ಹೇರಿಕೊಂಡ ಗಾಡಿಗಳು ಸಾಲುಗಟ್ಟಿ ಊರು ಬಿಟ್ಟವು. ಅನೇಕ ಹಳ್ಳಿಗಳವರು ಬೆಂಗಳೂರಿನಿಂದ ಬಂದವರು ಒಳಗೆ ಬಾರದಂತೆ ದಾರಿಗೆ ಮುಳ್ಳು ಹಾಕಿದರು. ಆಗಸ್ಟ್ ಕೊನೆಯ ಹೊತ್ತಿಗೆ, ಹೊರ ರಾಜ್ಯಗಳಿಂದ ಬರುವವರಿಗೆ ವಿಧಿಸಿದ್ದ ನೋಂದಣಿ ಮತ್ತು ಪ್ರತ್ಯೇಕವಾಸದ ನಿಯಮಗಳನ್ನೂ ಸರ್ಕಾರವು ತೆಗೆದುಹಾಕಿತು. ಪೋಲೀಸರ ತಡೆಯು ಹೋಯಿತು. ಇನ್ನು ಮೇಲೆ ತಡೆಯನ್ನು ಗೃಹಸ್ಥನು ತಾನೇ ಹಾಕಿಕೊಳ್ಳಬೇಕಾಯಿತು.

ಆ ವರ್ಷ ಸೆಪ್ಟೆಂಬರ್ 17ರಂದು ಮಹಾಲಯ ಅಮಾವಾಸ್ಯೆ ಬಂದಿತ್ತು. ಮಂಡ್ಯದ ಕಡೆಯ ಹಳ್ಳಿಯಲ್ಲಿರುವ ಹಿರಿಯರ ಮನೆಯಲ್ಲಿ ಪಿತೃಗಳಿಗೆ ಎಡೆ ಇಡುವ ಪದ್ಧತಿಯು ನಮ್ಮದು. ವೃದ್ಧರಾದ ತಾಯಿತಂದೆಗಳಿಗೆ ‘ಬನ್ನಿ’ ಎನ್ನಲು ಭಯ, ‘ಬೇಡ’ ಎನ್ನಲು ಸಂಕೋಚ. ನಮಗೂ ಹಾಗೆಯೇ. ಆಗ ಮನೆಯವರೆಲ್ಲರೂ ಕುಳಿತು ಆಲೋಚಿಸಿ ಮಾಡಿಕೊಂಡ ಸಿದ್ಧತೆಯನ್ನು ಇಲ್ಲಿ ಹೇಳುವೆವು. ಇನ್ನು ಮುಂದೆ ಯಾವ ಅಂಟುರೋಗವು ಬಂದರೂ ಇದರಲ್ಲಿ ಕೆಲವಾದರೂ ಉಪಯೋಗಕ್ಕೆ ಬಂದೀತು.

ಇಂತಹ ಪ್ರಯಾಣದ ಸಿದ್ಧತೆಯು ಪೆಟ್ಟಿಗೆ ಕಟ್ಟುವ ದಿನ ಆರಂಭವಾಗುವುದಲ್ಲ; ಹದಿನಾಲ್ಕು ದಿನ ಮುಂಚೆಯೇ ಆರಂಭವಾಗತಕ್ಕದ್ದು. ಕೊರೋನ ಸೋಂಕು ತಗಲಿದವನಿಗೆ ಸಾಮಾನ್ಯವಾಗಿ ಐದಾರು ದಿನಗಳಲ್ಲಿಯೂ, ಕೆಲವರಿಗೆ 14 ದಿನಗಳವರೆಗೂ ಲಕ್ಷಣವು ತೋರುವುದೆಂದು ಆಗ ವೈದ್ಯರು ಹೇಳುತ್ತಿದ್ದರು. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅವನಿಂದ ಇತರರಿಗೆ ಹರಡಬಹುದು. ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಕ್ಕದೆ ಹೋಗಬಹುದು. ಆದುದರಿಂದ ಆ ಎರಡು ವಾರ ಮದುವೆ ಮುಂಜಿಗಳಿಗೆ ಹೋಗದೆ, ತರಕಾರಿಗೆ ಒಬ್ಬರೇ ಹೋಗಿ, ಹೊರಗೆ ಹೋದಾಗಲೆಲ್ಲ ಮುಖಗವಸನ್ನು ಮೂಗಿನ ಮೇಲಿಂದ ಕೆಳಗಿಳಿಸದೆ ನಡೆದುಕೊಂಡೆವು. ದಿನವೂ ಬೆಳಗ್ಗೆ ಎಲ್ಲರ ಮೈಕಾವನ್ನು ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದೆವು. ಮಕ್ಕಳು ತಪ್ಪಿಸದೆ ಮಾಡಿದುದು ಈ ಕೆಲಸವನ್ನೇ.

ಇನ್ನು ಗಾಡಿಯ ವಿಚಾರ. ತಿಂಗಳುಗಟ್ಟಲೆ ನಿಂತಿದ್ದ ಕಾರಿನ ಬ್ಯಾಟರಿ ಸೋತಿರುವುದು, ಚಕ್ರಗಳ ಗಾಳಿ ಇಳಿದಿರುವುದು ಸಹಜ. ಗಾಳಿಯನ್ನು ಚಕ್ರವು ತಣ್ಣಗಿರುವಾಗಲೇ ಅಳೆಯಿಸಬೇಕು. ಓಡಿ ಬಿಸಿಯಾದ ಮೇಲೆ ಅಳೆದರೆ ಲೆಕ್ಕವು ಹೆಚ್ಚಾಗಿ ತೋರುವುದು. ಹೆಚ್ಚುವರಿ ಚಕ್ರ ಮತ್ತು ಜ್ಯಾಕುಗಳನ್ನು ನೋಡಿಟ್ಟುಕೊಳ್ಳಬೇಕು. ರೋಗಕಾಲದಲ್ಲಿ ದಾರಿಯಲ್ಲಿ ನಿಂತರೆ ಅಪರಿಚಿತರ ಸಹಾಯವನ್ನು ಕೋರಬೇಕಾಗುವುದು, ಸಹಾಯ ಮಾಡುವವರಿಗೂ ಹೆದರಿಕೆ. ಕಾರಿನೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ಗುಂಡಿಯನ್ನು ಆರಿಸಿ, ಒಂದು ಮೂಲೆಯ ಕಿಟಕಿಯನ್ನೂ ಅದಕ್ಕೆ ಎದುರು ಮೂಲೆಯ ಕಿಟಕಿಯನ್ನೂ ಸ್ವಲ್ಪ ಇಳಿಸಿದರೆ, ಹೊರಗಣ ಗಾಳಿಯು ಹಿಂದಿನಿಂದ ಮುಂದಕ್ಕೆ ಹಾದು ಹೋಗುವುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಮದ್ಯಸಾರದಿಂದಾದುದು, ಬೆಂಕಿಗೆ ಬೇಗ ಹತ್ತಿಕೊಳ್ಳುವುದು. ಅದರ ಸೀಸೆಯನ್ನು ಬಿಸಿಲು ಬೀಳುವ ಗಾಜಿನ ಬಳಿ ಇಡಲಾಗದು. ಸಾಬೂನು ನೀರು ದೊರೆತಲ್ಲಿ ಅದಕ್ಕಿಂತ ಮಿಗಿಲಾದುದು ಬೇಡ.

ಬುತ್ತಿಯ ಭಾರವು ಮನೆಯ ಹೆಂಗಸರದು. ಅವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಪುಳಿಯೋಗರೆಯು ಸಂಜೆಯವರೆಗೆ ಕೆಡದು. ಮೊಸರನ್ನಕ್ಕೆ ಹಾಲನ್ನು ಹೆಚ್ಚಾಗಿ ಬೆರೆಸಿ, ಮೊಸರನ್ನು ಹೆಪ್ಪಿಗೆ ಹಾಕುವಷ್ಟೇ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗುವುದು, ಹುಳಿಯಾಗದು. ಮುತ್ತುಗದ ಎಲೆಗಳಿದ್ದರೆ ಪಾತ್ರೆ ತೊಳೆಯುವ ಗೊಡವೆಯಿಲ್ಲ. ಮದ್ದೂರಿನಲ್ಲಿ ವಡೆಯನ್ನು ಕೊಳ್ಳದೆ ಮುಂದೆ ಹೋಗುವುದು ಮಕ್ಕಳಿಗೆ ಅಸಾಧ್ಯವೆನಿಸಿದರೆ, ಕಟ್ಟಿಸಿಕೊಂಡು ಹೋಗಿ ಮರದ ನೆರಳಿನಲ್ಲಿ ತಿನ್ನಬಹುದು. ಜನರು ಮುಖಗವಸು ತೆಗೆದು ಕುಳಿತಿರುವ ಮುಚ್ಚಿದ ಕೊಠಡಿಯೇ ಅಪಾಯದ ಸ್ಥಳ. ಹೆಂಗಸರಿಗೆ ಹೆಚ್ಚಿನ ಚಿಂತೆಯು ಶೌಚಾಲಯದ್ದು. ಅದಕ್ಕಾಗಿ ನೀರು ಕುಡಿಯದೆ ಹೊರಡುವವರು ಅನೇಕರು. ಅದು ಆರೋಗ್ಯಕ್ಕೆ ಕೇಡು. ಬೆಳಗ್ಗೆ ಆರಕ್ಕೇ ಹೊರಟು, ನಡುವೆ ನಿಲ್ಲುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಔಷಧಿಗಳಲ್ಲಿ, ರಕ್ತದೊತ್ತಡ, ಸಕ್ಕರೆ ರೋಗಗಳ ಗುಳಿಗೆಗಳು ಹೋಗಿಬರುವ ದಿನಗಳಿಗಲ್ಲದೆ ಇನ್ನೂ ಎರಡು ವಾರಕ್ಕೆ ಸಾಕಾಗುವಷ್ಟು ಇರತಕ್ಕದ್ದು. ಹೋದ ಊರಿನಲ್ಲಿಯೇ ಪ್ರತ್ಯೇಕವಾಗಿ ಉಳಿಯಬೇಕಾದ ಸಂದರ್ಭ ಬಂದೀತು. ಜ್ವರಮಾಪಕ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇವೆರಡೂ ಬೇಕು. ಆಮ್ಲಜನಕದ ಲೆಕ್ಕವು 94ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುವುದೆಂಬುದನ್ನು ಮಕ್ಕಳಿಗೂ ಕಲಿಸಿಡುವುದು ಉತ್ತಮ.

ಇಷ್ಟೆಲ್ಲವನ್ನೂ ಮಾಡಿದ ಮೇಲೆ, ಹೊರಡುವುದಕ್ಕೆ ಎರಡು ದಿನವಿರುವಾಗ ಮನೆಯ ಕಿರಿಯನೊಬ್ಬನು ಗಂಟಲು ಕೆರೆಯುವುದೆಂದು ತಾನಾಗಿಯೇ ಹೇಳಿದನು. ಜ್ವರವಿರಲಿಲ್ಲ. ಬುತ್ತಿಗೆ ಹುಣಿಸೆಯ ಗೊಜ್ಜು ಸಹ ಸಿದ್ಧವಾಗಿತ್ತು. ಆದರೂ ಪ್ರಯಾಣವನ್ನು ನಿಲ್ಲಿಸಿದೆವು. ಅಮಾವಾಸ್ಯೆಯ ದಿನ ಕೆಂಗೇರಿಯಲ್ಲಿ ನಾವೂ, ಹಳ್ಳಿಯಲ್ಲಿ ಅವರೂ ಬೇರೆ ಬೇರೆಯಾಗಿ ಎಡೆ ಇಟ್ಟೆವು. ಆ ಮನೆಯಲ್ಲಿ ಮಗನಿಲ್ಲದೆ ಎಡೆ ಇಟ್ಟುದು ಅದೇ ಮೊದಲು ಎಂದು ಹಿರಿಯರು ಫೋನಿನಲ್ಲಿ ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ. ನಾಲ್ಕು ದಿನಗಳ ಮೇಲೆ ಪರೀಕ್ಷೆಯ ಫಲವು ಬಂತು; ಅದು ಕೊರೋನವಾಗಿರಲಿಲ್ಲ. ಹಾಗಾದರೆ ನಿಂತುದು ವ್ಯರ್ಥವಾಯಿತೇ ಎಂದು ಕೇಳಿದವರುಂಟು. ವ್ಯರ್ಥವಲ್ಲವೆಂದೇ ನಮ್ಮ ಅಭಿಪ್ರಾಯ. ಹೊರಡುವ ದಿನ ನಮಗೆ ತಿಳಿದಿದ್ದುದು ಸಂದೇಹ ಮಾತ್ರ. ಆ ಸಂದೇಹದ ಬೆಲೆಯನ್ನು ತೆರಬೇಕಾಗಿದ್ದವರು ಎಂಬತ್ತು ದಾಟಿದವರು. ಗಂಟಲ ಕೆರೆತವನ್ನು ಮುಚ್ಚಿಡದೆ ಹೇಳಿದ ಹುಡುಗನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಮುಂದಿನ ಸಲ ಅವನು ಹೇಳುತ್ತಿರಲಿಲ್ಲ. ಸಿದ್ಧತೆಗಳಲ್ಲೆಲ್ಲಾ ಇದೇ ಹೆಚ್ಚಿನದೆಂದು ನಮಗೆ ತೋರುವುದು.

ಆ ಪ್ರಯಾಣವನ್ನು ನವೆಂಬರಿನಲ್ಲಿ, ದೀಪಾವಳಿಗೆ, ಅದೇ ಕ್ರಮದಲ್ಲಿ ಸಿದ್ಧವಾಗಿ ನಡೆಸಿದೆವು. ಹಳ್ಳಿಯಲ್ಲಿ ಮಾತುಕತೆಯೆಲ್ಲವೂ ಜಗಲಿಯ ಮೇಲೆ, ಬಯಲ ಗಾಳಿಯಲ್ಲಿ, ನಮಸ್ಕಾರವು ದೂರದಿಂದ, ನಮ್ಮ ಹಾಸಿಗೆಯು ಹೊರಗಣ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಅಜ್ಜಿಯ ತೊಡೆಯೇರಲು ಮಕ್ಕಳಿಗೆ ಅಪ್ಪಣೆಯಿಲ್ಲದುದೊಂದೇ ಎಲ್ಲರಿಗೂ ಕಷ್ಟವಾದುದು.

ಈಗ ಕಾಲವು ಬದಲಾಗಿದೆ. 2021ರ ಜನವರಿ 16ರಿಂದ ಲಸಿಕೆ ಹಾಕಲಾರಂಭಿಸಿದರು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ಅದೇ ವರ್ಷದ ಮಾರ್ಚಿಯಲ್ಲಿ ಮೈಸೂರಿಗೆ ಹೊಸ ಹೆದ್ದಾರಿಯು ಉದ್ಘಾಟನೆಯಾಗಿ, ಊರುಗಳನ್ನು ಬಳಸಿಕೊಂಡು ಗಾಡಿಗಳು ಬೇಗನೆ ಹೋಗುವುವು. ಆದರೆ ಹಿರಿಯರ ಎದೆಗೂಡು ಮೊದಲಿಗಿಂತ ಬಲವಾಗಿಲ್ಲ. ಮಳೆಗಾಲದ ಶೀತಜ್ವರವೂ ಅವರಿಗೆ ಸಣ್ಣದಲ್ಲ. ಆದುದರಿಂದ ಹಬ್ಬಕ್ಕೆ ಹೊರಡುವ ಗೃಹಸ್ಥರು ಗಾಡಿಯ ಗಾಳಿಯನ್ನು ನೋಡುವಾಗಲೇ ಮನೆಯವರಲ್ಲಿ ಯಾರಿಗಾದರೂ ಕೆಮ್ಮುಂಟೇ ಎಂದು ಕೇಳುವುದನ್ನೂ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.